ಉತ್ತರದ ಮಾಡಿನ ಗಾಜಿನ ಹೆಂಚು

ಮಕ್ಕಳೇ, ಹುಣಸೂರಿನಲ್ಲಿ ನಾನು ಈಗ ಬಟ್ಟೆ ಚೀಲ ಹೊಲಿಯುವ ಜಾಗ ಮೊದಲು ಹೊಗೆಸೊಪ್ಪಿನ ಗೋದಾಮಾಗಿತ್ತು. ಮದುವೆಯಾದ ಹೊಸದರಲ್ಲಿ ನಾನು ಅಲ್ಲಿ ಬಣ್ಣ ನೋಡಿ ಸೊಪ್ಪು ವಿಂಗಡಿಸುತ್ತಿದ್ದೆ. ಉತ್ತರದ ಮಾಡಿನಲ್ಲಿ ಸಾಲಾಗಿ ಗಾಜಿನ ಹೆಂಚು, ಅದರ ಕೆಳಗೆ ನಮ್ಮ ಹೆಂಗಸರ ಸಾಲು. ಆ ಕಡೆಯಿಂದ ಬಿಸಿಲು ಬೀಳುತ್ತಿರಲಿಲ್ಲ, ತಂಪು ಬೆಳಕು ಮಾತ್ರ. ಎಲೆಯ ನಿಜವಾದ ಬಣ್ಣ ಕಾಣುತ್ತಿದ್ದುದು ಅದರಲ್ಲೇ. ಯಾವಳಾದರೂ ಬಾರದ ದಿನ ಅವಳ ಜಾಗದಲ್ಲಿ ಇನ್ನೊಬ್ಬಳು ಕೂರುತ್ತಿರಲಿಲ್ಲ. ಚಾಪೆ ಸುತ್ತಿದಂತೆಯೇ ಇರುತ್ತಿತ್ತು.

ಗೋದಾಮಿಗೆ ಬಹಳ ವರ್ಷ ಬೀಗ ಬಿದ್ದಿತ್ತು. ಹೋದ ವರ್ಷ ಅದನ್ನು ಕೆಡವದೆ, ಅದೇ ಗೋಡೆ, ಅದೇ ತೊಲೆ ಉಳಿಸಿಕೊಂಡು ಊರಿನವರಿಗೆ ಅಂಗಡಿ, ಕೆಲಸದ ಕೋಣೆ ಮಾಡತೊಡಗಿದರು. ನಿಮ್ಮ ತಾತ ಹೋದ ಮೇಲೆ ನನಗೆ ಹಗಲು ಬಹಳ ಉದ್ದವಾಗಿತ್ತು. ಹೊಲಿಗೆ ಗೊತ್ತಿರುವವರು ಹೆಸರು ಕೊಡಿ ಎಂದಾಗ ನಾನೂ ಕೊಟ್ಟೆ.

ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಹುಡುಗಿ ಒಂದು ದಿನ ಎಲ್ಲರನ್ನೂ ಕೂರಿಸಿ, ಗಾಜಿನ ಹೆಂಚುಗಳು ಸೋರುತ್ತವೆ, ತೆಗೆಸಿ ಟ್ಯೂಬ್‌ಲೈಟ್ ಹಾಕಿಸುತ್ತೇವೆ ಎಂದಳು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ನಾಲ್ಕು ಜನರ ಮುಂದೆ ನನಗೆ ಮಾತು ಬರುವುದಿಲ್ಲ. ಮನೆಗೆ ಬಂದು ಬಟ್ಟೆ ಚೂರುಗಳ ಗಂಟು ಬಿಚ್ಚಿದೆ. ಆ ಬೆಳಕೂ ಹೋದರೆ ಅಲ್ಲಿ ನನ್ನ ಗುರುತಿನದು ಏನೂ ಉಳಿಯುತ್ತಿರಲಿಲ್ಲ.

ಮಾರನೆಯ ದಿನ ಕಪ್ಪು ಬಟ್ಟೆಯ ಒಂದು ಚೂರು, ಕಡುನೀಲಿಯ ಒಂದು ಚೂರು ಒಯ್ದು, ಆಗಲೇ ಟ್ಯೂಬ್‌ಲೈಟ್ ಹಾಕಿದ್ದ ಕೋಣೆಯಲ್ಲಿ ಆ ಹುಡುಗಿಯ ಕೈಗಿಟ್ಟೆ.

"ಯಾವ್ದು ಕಪ್ಪು ನೋಡವ್ವ."

"ಎರಡೂ ಕಪ್ಪೇ ಅಲ್ವಾ ಅಜ್ಜಿ?"

"ಬಾ ಇತ್ಲಾಗೆ."

ಗಾಜಿನ ಹೆಂಚಿನ ಕೆಳಗೆ ಅವಳು ಚೂರುಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ನೀಲಿ. ನಿನ್ನೆ ಮೀಟಿಂಗ್‌ನಲ್ಲೇ ಹೇಳೋದಲ್ವಾ?"

"ಮಾತಾಡಕ್ಕೆ ಬತ್ತಿದ್ರೆ ಮೇಷ್ಟ್ರಾಯ್ತಿದ್ದೆ ಕಣವ್ವ," ಎಂದೆ. ಅವಳು ನಕ್ಕಳು.

ಒಡೆದ ಹೆಂಚುಗಳನ್ನಷ್ಟೇ ಬದಲಾಯಿಸಿದರು.

ಈಗ ನನ್ನ ಹಳೆಯ ಜಾಗದಲ್ಲೇ ಹೊಲಿಗೆ ಮಿಷನ್ ಇದೆ. ಅದರ ಆಚೆ ಪಕ್ಕದ್ದು ಭೇರ್ಯದಿಂದ ಮದುವೆಯಾಗಿ ಬಂದಿದ್ದ ನನ್ನ ಗೆಳತಿಯ ಜಾಗ. ಅವಳು ತೀರಿಕೊಂಡು ಬಹಳ ಕಾಲವಾಯಿತು. ಆ ಸಾಲಿನವರಲ್ಲಿ ಈಗ ಬರುವವಳು ನಾನೊಬ್ಬಳೇ. ಗೆಳತಿಯ ಜಾಗದಲ್ಲಿ ಇನ್ನೊಂದು ಮಿಷನ್ ಇಡೋಣವೇ ಎಂದು ಇಂಜಿನಿಯರ್ ಹುಡುಗಿ ಕೇಳಿದಾಗ, "ಇರ್ಲಿ ಬುಡವ್ವ," ಎಂದೆ. ಅವಳು ಮತ್ತೆ ಕೇಳಲಿಲ್ಲ. ಬಟ್ಟೆಯ ಗಂಟನ್ನೂ ನಾನು ಅಲ್ಲಿಡುವುದಿಲ್ಲ, ಕಾಲ ಬಳಿಯೇ ಇಟ್ಟುಕೊಳ್ಳುತ್ತೇನೆ.

ನೀವು ಬಂದಾಗ ನನ್ನ ಈಚೆ ಬದಿಗೆ ಕೂತುಕೊಳ್ಳಿ.