ಕೈ ಎತ್ತಿದ ಕಾಕು

ಮೊನ್ನೆ ಪಕ್ಕದ ಮನೆಯ ತಂತಿಯ ಮೇಲೆ ಒಣಹಾಕಿದ್ದ ತುಂಬುತೋಳಿನ ಅಂಗಿಯೊಂದು ಗಾಳಿಗೆ ಹಾರಿ ನಮ್ಮ ಅಂಗಳದಲ್ಲಿ ಬಿತ್ತು. ಎತ್ತಿಕೊಂಡರೆ, ಒಗೆದರೂ ಹೋಗದ ಹೊಲದ ಮಣ್ಣಿನ ವಾಸನೆ. ಕಾಕು ನೆನಪಾದರು...

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರೂ ಅವರು ನಮಗೆ ಬಂಧುವೇನಲ್ಲ. ಎದುರುಮನೆಯವರು, ಪೇಪರ್ ಮಿಲ್ಲಿನ ಕೆಲಸಗಾರರೊಬ್ಬರ ಹೆಂಡತಿ. ದಾಂಡೇಲಿಯ ಮಗ್ಗುಲಿಗಿದ್ದ ನಮ್ಮ ಊರು ಆಗಿನ್ನೂ ಬೇರೆಯೇ ಗ್ರಾಮ ಪಂಚಾಯ್ತಿ. ಕಾಕು ಅದರ ಕಡೆಯ ಅಧ್ಯಕ್ಷೆ. ಅಧ್ಯಕ್ಷೆಯಾದರೇನು, ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸ ಶುರುವಾದರೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು ಕೆರೆಗೆ ಇಳಿದೇಬಿಡುತ್ತಿದ್ದರು. ಬುಟ್ಟಿ ಹೊರುವ ಹೆಂಗಸರನ್ನೆಲ್ಲ ನಗಿಸಿ ನಗಿಸಿ ಸಾಕುಮಾಡುತ್ತಿದ್ದರು.

ಊರನ್ನು ದಾಂಡೇಲಿಗೆ ಸೇರಿಸುವ ಮಾತು ಬಂದಾಗ ಸಭೆಯಲ್ಲಿ ಮೊದಲು ಕೈ ಎತ್ತಿದವರೂ ಅವರೇ. "ಪ್ಯಾಟಿ ನಳ ಬರ್ತೈತಿ, ಕೊಡಾ ಹೊರೂದು ತಪ್ಪತೈತಿ" ಎಂದು ಮನೆಮನೆಗೆ ಹೇಳಿ ಬಂದಿದ್ದರು. ಸೇರಿದ ಮೇಲೂ ಸಂತೆಗೆ ಹೊರಟಾಗ "ದಾಂಡೇಲಿಗೆ ಹೋಗಿ ಬರ್ತೇನಿ" ಅನ್ನುತ್ತಿದ್ದರು. "ಕಾಕು, ನೀವೀಗ ದಾಂಡೇಲ್ಯಾಗ ಅದೀರಿ" ಎಂದು ನಾವು ಕಾಡಿಸುತ್ತಿದ್ದೆವು.

ನಳವೇನೋ ಬಂತು. ಆದರೆ ಮುಂದಿನ ಬೇಸಿಗೆಗೆ ಹೆಂಗಸರು ಬುಟ್ಟಿ, ಸಲಿಕೆ ಹಿಡಿದು ಅವರ ಬಾಗಿಲಿಗೆ ಬಂದರು. ಖಾತ್ರಿ ಕೆಲಸ ಹಳ್ಳಿಗೆ ಮಾತ್ರ, ಪಟ್ಟಣಕ್ಕಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕಾಕುಗೂ ಗೊತ್ತಿರಲಿಲ್ಲ. ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದವರೇ, "ನಾನ ನಿಮ್ಮ ಹೊಟ್ಟಿ ಮ್ಯಾಲ ಹೊಡದೆ ನೋಡ್ರೆವಾ" ಎಂದು ಹೊಸ್ತಿಲಲ್ಲೇ ಕೂತುಬಿಟ್ಟರು. ಒಬ್ಬರೂ ಬೈಯಲಿಲ್ಲ, ಸುಮ್ಮನೆ ತಿರುಗಿ ಹೋದರು. ನಾಲ್ಕು ಮಾತು ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಆ ಹೆಂಗಸರು ಕಳೆ ತೆಗೆಯಲು ತೇರಗಾಂವದ ಕಡೆಗೆ ಟೆಂಪೋ ಹತ್ತತೊಡಗಿದರು. ಕಾಕುನೂ ಹತ್ತಿದರು. ಗಂಡನ ಪಗಾರದ ಮನೆ, ಹೋಗಲೇಬೇಕಾದ ಗರಜೇನಿರಲಿಲ್ಲ. ಗಂಡ ಸಿಟ್ಟಾದರು, ನಾವೂ ಹೇಳಿ ನೋಡಿದೆವು, ಕೇಳಲಿಲ್ಲ. ಇಷ್ಟಾಗಿ ಟೆಂಪೋದಲ್ಲಿ ಯಾರನ್ನೂ ನಗಿಸುತ್ತಿರಲಿಲ್ಲವಂತೆ. ಸೆರಗು ಹೊದ್ದು ಮೂಲೆಯಲ್ಲಿ ಕೂತಿರುತ್ತಿದ್ದರಂತೆ...

ಕಾಕು ತೀರಿಕೊಂಡು ಎಷ್ಟೋ ಕಾಲವಾಯಿತು. ಹಾರಿಬಂದ ಅಂಗಿಯನ್ನು ಕೊಡಲು ಹೋದಾಗ ಪಕ್ಕದ ಮನೆಯಾಕೆಯೊಂದಿಗೆ ಅವರ ಮಾತು ತೆಗೆದೆ. ಆಕೆಯೂ ಅದೇ ಟೆಂಪೋದಲ್ಲಿ ಹೋಗುತ್ತಿದ್ದವರು.

"ನಮಗ ಅವರ ಮ್ಯಾಲ ಸಿಟ್ಟ ಎಲ್ಲಿತ್ರಿ?" ಎಂದರು. "ನಮ್ಮ ತಲಿಮ್ಯಾಗಿನ ಕೊಡಾ ಇಳಸಾಕಂತನ ಕೈ ಎತ್ತಿದ್ರು."

"ಇದನ್ನ ಅವರಿಗೆ ಹೇಳಿದ್ರೇನು?" ಎಂದೆ.

ಆಕೆ ಅಂಗಿಯ ತೋಳುಗಳನ್ನು ಒಂದೊಂದಾಗಿ ಮಡಚಿದರು.

"ಇಲ್ರಿ... ಅವರಿಗೆ ಗೊತ್ತೈತಿ ಅಂತ ತಿಳಕೊಂಡಿದ್ವಿ."