ನಮ್ಮ ಭಾವ ಎರಡು ಸಲ ಕಡಿದ ದಾರಿ

ಬೆಟ್ಟದಲ್ಲಿ ಸೈಕಲ್ ಓಡಿಸುವವರಿಗೆ ದಾರಿ ಕಡಿಯುವುದು ನಮ್ಮ ಭಾವನ ಕೆಲಸ. ಅದೂ ಒಂದು ಕೆಲಸವೇ ಎಂದು ಮದುವೆಯ ಮಾತುಕತೆಯಲ್ಲಿ ನಮ್ಮ ಅಪ್ಪ ಹುಬ್ಬೇರಿಸಿದ್ದರಂತೆ. ಕಲ್ಲುಬೆಟ್ಟಗಳ ಸೀಮೆಯಲ್ಲಿ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ ಭಾವನಿಗೆ ಬಂಡೆಗಳ ಜೊತೆ ಮಾತಿಲ್ಲದ ಒಪ್ಪಂದವಿತ್ತು. ಅಲ್ಲಿ ಇಟ್ಟ ಕಲ್ಲು ಇಟ್ಟಲ್ಲೇ ಇರುತ್ತದೆ. ಎಷ್ಟೇ ಕಡಿದಾಗಿ ಇಳಿಸಿದರೂ ದಾರಿ ಸವೆಯುವುದಿಲ್ಲ. "ಇವರಿಗೆ ಹೆಂಡ್ತಿಗಿಂತ ಬಂಡೆ ಮೇಲೆ ನಂಬಿಕೆ ಜಾಸ್ತಿ" ಎಂದು ಅಕ್ಕ ಅಣಕಿಸುತ್ತಿದ್ದಳು.

ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ನಮ್ಮೂರಿಗೆ ವರ್ಗವಾದಾಗ ಭಾವನೂ ಗುದ್ದಲಿ, ಹಾರೆ ಕಟ್ಟಿಕೊಂಡು ಬಂದರು. ಆಗ ಅವರಿಗೆ ಐವತ್ಮೂರು. ಮೆಟ್ಟಿಲು ಹತ್ತುವಾಗ ಮೊಣಕಾಲು ಲಟಲಟ ಎನ್ನುತ್ತಿತ್ತು. ನಮ್ಮೂರ ಗುಡ್ಡ ತಗ್ಗು. ಮೇಲೆ ಒಂದು ಗೇಣು ಸಡಿಲ ಮರಳು, ಅದರಡಿ ಜೇಡಿಮಣ್ಣು. ಅರಣ್ಯ ಕಚೇರಿಯವರು ಅಲ್ಲಿ ಒಂದು ಸೈಕಲ್ ದಾರಿ ಮಾಡಿಕೊಡಿ ಎಂದರು. ಜೊತೆಗೆ ಕಾಡಿನಲ್ಲಿ ಮಳೆನೀರಿನ ಚರಂಡಿ ಬಿಡಿಸಿ ಬಿಡಿಸಿ ಕೈ ಪಳಗಿದ್ದ ಒಬ್ಬ ಮೇಸ್ತ್ರಿಯಮ್ಮನನ್ನು ಕೊಟ್ಟರು.

ಭಾವ ತಮಗೆ ಗೊತ್ತಿದ್ದ ಹಾಗೆಯೇ ನೆತ್ತಿಯಿಂದ ಬುಡಕ್ಕೆ ನೆಟ್ಟಗೆ ದಾರಿ ಇಳಿಸಿದರು. ಮೂರನೆಯ ದಿನ ಮೇಸ್ತ್ರಿಯಮ್ಮ ಸನಿಕೆ ಊರಿ ನಿಂತರು.

"ಸಾರ್, ಇಳಿಜಾರು ಜಾಸ್ತಿ ಆಯ್ತು. ನೀರು ಇದನ್ನೇ ಕಾಲುವೆ ಮಾಡ್ಕೊಳುತ್ತೆ."

"ಇಪ್ಪತ್ತೆರಡು ವರ್ಷದಿಂದ ಇದೇ ಮಾಡ್ತಿದೀನಮ್ಮ."

"ಆಯ್ತು ಬಿಡಿ" ಎಂದು ಆಕೆ ಮತ್ತೆ ಬಗ್ಗಿದರು.

ದಾರಿ ತೆರೆದ ಮೊದಲ ವಾರವೇ ಎಡವಟ್ಟಾಯಿತು. ಕಡಿದಾದ ಇಳಿಜಾರು ಮುಗಿಯುವ ಬುಡದ ತಿರುವಿನಲ್ಲಿ ಶಾಲೆಯ ಗಣಿತದ ಮೇಡಂ ಬ್ರೇಕ್ ಹಿಡಿದರು. ಮುಂದಿನ ಚಕ್ರ ಮರಳಲ್ಲಿ ಹೂತು, ಅವರು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದು ಹೆಗಲ ಎಲುಬು ಮುರಿಯಿತು. ಮರುವಾರ ಎರಡು ದಿನ ಎಡೆಬಿಡದೆ ಮಳೆ. ದಾರಿಯ ನಡುವೆ ಮೊಣಕಾಲಾಳದ ಕೊರಕಲು ಬಿತ್ತು. ಕಚೇರಿಯವರು ಬುಡದಲ್ಲಿ ಅಡ್ಡ ಹಗ್ಗ ಕಟ್ಟಿ ದಾರಿ ಬಂದ್ ಮಾಡಿದರು.

ಭಾವ ಕೊರಕಲಿನ ಅಂಚಿನಲ್ಲಿ ಕೂತು ಬೆಳಗ್ಗೆಯಿಡೀ ಕಳೆದರು. ಆಮೇಲೆ ಬಟ್ಟೆ ಕೂಡ ಬದಲಿಸದೆ ಆಸ್ಪತ್ರೆಗೆ ಹೋದರು. ಅವತ್ತು ಮೇಡಂ ತಪಾಸಣೆಗೆ ಬಂದಿದ್ದರು, ಕೈಗೆ ಪಟ್ಟಿ ಹಾಕಿ ಎದೆಗೆ ಕಟ್ಟಲಾಗಿತ್ತು.

"ತಪ್ಪು ನಂದೇ, ಬ್ರೇಕ್ ಹಿಡೀಬಾರದಿತ್ತು" ಎಂದರು ಮೇಡಂ.

"ಕಲ್ಲಿನ ಮೇಲೆ ಬ್ರೇಕ್ ಹಿಡಿದ್ರೆ ಚಕ್ರ ನಿಲ್ಲುತ್ತೆ, ಮರಳಲ್ಲಿ ಹೂತ್ಕೊಳುತ್ತೆ. ಬ್ರೇಕ್ ಹಿಡಿಯಲೇಬೇಕಾದ ದಾರಿ ಮಾಡಿದೋನು ನಾನು" ಎಂದರು ಭಾವ. ಬಾಗಿಲಲ್ಲಿ ನಿಂತಿದ್ದ ಅಕ್ಕ ಆ ದಿನ ಅಣಕಿಸಲಿಲ್ಲ.

ಅಲ್ಲಿಂದ ನೇರ ಮೇಸ್ತ್ರಿಯಮ್ಮನ ಮನೆಗೆ. ಆಕೆ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದರು.

"ಮುಂದಿನ ದಾರಿ ನೀವು ಹಾಕ್ಸಿ. ನೀವು ಹೇಳಿದ ಕಡೆ ನಾನು ಅಗೀತೀನಿ."

"ಅಯ್ಯೋ, ನಂಗೆ ಸೈಕಲ್ ಹತ್ತೋಕೇ ಬರಲ್ವಲ್ಲ ಸಾರ್!"

"ನಂಗೆ ಸೈಕಲ್ ಗೊತ್ತು. ಇಲ್ಲಿನ ನೀರು ಗೊತ್ತಿಲ್ಲ."

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಇನ್ನೊಂದು ಸಲ ಹಿಂಡಿ, ತಂತಿಗೆ ಹಾಕಿ, "ಮೊದಲು ಹಳೇದನ್ನ ಮುಚ್ಚಬೇಕು" ಎಂದರು.

ಮುಚ್ಚುವುದಕ್ಕೇ ಒಂದು ತಿಂಗಳು ಹಿಡಿಯಿತು. ತಮ್ಮ ಕೈಯಾರೆ ಕಡಿದದ್ದನ್ನು ಭಾವ ಬುಟ್ಟಿ ಬುಟ್ಟಿ ಮಣ್ಣು ಹೊತ್ತು ತುಂಬಿದರು. ಮನೆಗೆ ಬಂದು ಶೂ ಬಿಚ್ಚಲು ಬಗ್ಗಿದರೆ ಮೇಲೇಳಲಾಗದೆ ಹಾಗೇ ಕೂರುತ್ತಿದ್ದರು. ಎಷ್ಟೋ ಸಲ ಲೇಸು ಬಿಚ್ಚಿದ್ದು ನಾನು.

ಹೊಸ ದಾರಿ ಗುಡ್ಡಕ್ಕೆ ಅಡ್ಡಡ್ಡ ಸುತ್ತಿ, ತಿಳಿಯದಷ್ಟು ಮೆಲ್ಲಗೆ ಇಳಿಯಿತು. ಮರಳಿಗೆ ಅಡಿಯ ಜೇಡಿಮಣ್ಣು ಕಲಸಿ ದಿಮ್ಮಸು ಹಾಕಿ ಗಟ್ಟಿ ಮಾಡಿದರು. ಅಲ್ಲಲ್ಲಿ ಮೇಸ್ತ್ರಿಯಮ್ಮ ಸನಿಕೆಯಲ್ಲಿ ಗೀರಿ, "ಇಲ್ಲಿ ತಗ್ಗು ಬಿಡಿ, ನೀರು ಹೊರಗೆ ಹೋಗ್ಲಿ" ಎನ್ನುತ್ತಿದ್ದರು. ಭಾವ ಅಗೆಯುತ್ತಿದ್ದರು. ಒಮ್ಮೆ ಮಾತ್ರ ತಲೆಯೆತ್ತಿ, "ಇಲ್ಲಿ ಬೇಡ, ಸೈಕಲ್ ವೇಗವಾಗಿ ಬರೋ ಜಾಗ" ಎಂದರು. ಆಕೆ ಒಪ್ಪಿ ನಾಲ್ಕು ಹೆಜ್ಜೆ ಮುಂದೆ ಗೀರಿದರು.

ಮುಂದಿನ ಮಳೆಗಾಲದಲ್ಲಿ ದಾರಿ ಕೊಚ್ಚಿಹೋಗದೆ ನಿಂತಿತು. ಗಣಿತದ ಮೇಡಂ ಮತ್ತೆ ಬಂದರು. ಬುಡದಲ್ಲಿ ಹಿಂದೆ ಬಿದ್ದಿದ್ದ ಜಾಗ ಬಂದಾಗ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ದಾಟಿದರು. ಭಾವ ಕಚೇರಿಯ ಫಲಕದಲ್ಲಿ ಮೇಸ್ತ್ರಿಯಮ್ಮನ ಹೆಸರು ಮೊದಲು ಬರಬೇಕೆಂದು ಹಟ ಹಿಡಿದು ಬರೆಸಿದರು.

ಮೊನ್ನೆ ಇನ್ನೊಂದು ಸೀಮೆಯಿಂದ ಫೋನ್ ಬಂತು. ಅಲ್ಲಿ ಕಪ್ಪು ಮಣ್ಣಂತೆ, ವರ್ಷವಿಡೀ ಒದ್ದೆ, ಹೆಜ್ಜೆಗೊಂದು ಜಾರುವ ಬೇರು. ಬಂದು ದಾರಿ ಮಾಡಿಕೊಡಿ ಎಂದರು.

"ಇನ್ನೊಂದು ಮಣ್ಣು ಕಲಿಯೋ ಶಕ್ತಿ ನಂಗಿಲ್ಲ ಸ್ವಾಮಿ. ನಿಮ್ಮಲ್ಲಿ ಚರಂಡಿ ಬಿಡಿಸೋರು ಯಾರಿದಾರೆ, ಮೊದಲು ಅವರನ್ನ ಕೇಳಿ" ಎಂದು ಭಾವ ಫೋನ್ ಇಟ್ಟರು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು, ಅಕ್ಕನ ಪಾಳಿ ಮುಗಿಯುವುದರೊಳಗೆ ಅನ್ನಕ್ಕಿಡಬೇಕೆಂದು ಒಳಗೆ ಹೋದರು.