ಅಳಿಸದ ಪೋಸ್ಟ್

"ನಿಮ್ ಸೊಸೆಗೆ ಹೇಳಕ್ಕಾ, ಆ ಪೋಸ್ಟ್ ತೆಗೀಲಿ" ಎನ್ನುತ್ತಲೇ ಊರಿನ ಮುಖಂಡರೊಬ್ಬರು ಗೌನಿಪಲ್ಲಿಯ ನಮ್ಮ ಮನೆಯೊಳಗೆ ಬಂದರು. ಅವರ ಪಕ್ಷದ ಸಮೀಕ್ಷೆ ಆ್ಯಪ್ ನಮ್ಮ ಫೋನಿನಲ್ಲಿರುವ ನಂಬರುಗಳನ್ನೆಲ್ಲ ಎಳೆದುಕೊಳ್ಳುತ್ತದೆ, ಯಾರೂ ಹಾಕಿಕೊಳ್ಳಬೇಡಿ ಎಂದು ನಾನು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬರೆದಿದ್ದೆ. ಅಂದಿನಿಂದ ಅಲ್ಲಿ ನನಗೆ ಬರೀ ಬೈಗುಳ.

ಅತ್ತೆಯೂ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ತಮ್ಮ ಫೋನನ್ನೇ ಮುಖಂಡರ ಮುಂದೆ ಹಿಡಿದರು.

"ನಾನೂ ಅದನ್ನ ನಮ್ ಸ್ತ್ರೀಶಕ್ತಿ ಸಂಘದೋರ್ಗೆಲ್ಲ ಕಳ್ಸಿದೀನಿ ಕಣಪ್ಪಾ. ನಮ್ ಹೆಣ್ಮಕ್ಳ ನಂಬರ್ ನಿಂಗ್ಯಾಕೆ? ಮೊದ್ಲು ಅದನ್ನ ಹೇಳು."

ಮುಖಂಡರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಪೋಸ್ಟ್ ಇನ್ನೂ ಅಲ್ಲೇ ಇದೆ, ಬೈಗುಳವೂ ನಿಂತಿಲ್ಲ. ಆದರೆ ಈಗ ಯಾರಾದರೂ ಬೈದರೆ, ನಾನು ಟೈಪ್ ಮಾಡುವ ಮೊದಲೇ ಅತ್ತೆಯ ವಾಯ್ಸ್ ಮೆಸೇಜ್ ಹೋಗಿರುತ್ತದೆ.